ಒಂದು ಚೀಲ ಬಿಳೆಗೋಟು: ಶಿರಸಿಯ ಸಂಘವೊಂದರ ಸಾಫ್ಟ್‌ವೇರ್ ಜಗಳದ ಪ್ರಕರಣ ಅಧ್ಯಯನ

ಮೇ ತಿಂಗಳ ಒಂದು ಸಂಜೆ. ಶಿರಸಿಯ ಒಂದು ಅಡಿಕೆ ಮಾರಾಟ ಸಂಘದ ಕೌಂಟರ್ ಮುಂದೆ ಹಿರಿಯ ಬೆಳೆಗಾರರೊಬ್ಬರು ಬಿಲ್ ಹಿಡಿದು ನಿಂತಿದ್ದರು. ಅವರು ತಂದದ್ದು ಎಂಟು ಚೀಲ. ಏಳು ಚಾಲಿ, ಒಂದು ಬಿಳೆಗೋಟು, ಎರಡೂ ಅಡಿಕೆಯ ಬಗೆಗಳು. ಬಿಲ್ಲಿನಲ್ಲಿ ಏಳೇ ಇತ್ತು. "ತಮಾ, ಒಂದ್ ಚೀಲ ಕಮ್ಮಿ ಆಜಲಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿರಬೇಕು, ಈ ಹುಡುಗ ಸರಿ ಮಾಡಿ ಕೊಡುತ್ತಾನೆ ಎಂಬ ನಂಬಿಕೆ ಇತ್ತು. ಹದಿನೈದು ವರ್ಷ ಹಾಗೇ ನಡೆದಿತ್ತು.

ಆ ಹುಡುಗನಿಗೆ ಈಗ ನಲವತ್ತು ದಾಟಿದೆ. ಅವನು ಸಂಘದ ಸ್ವಂತ ಡೆವಲಪರ್. ಸಂಘದಲ್ಲಿ ಎಲ್ಲರ ಬಾಯಲ್ಲೂ 'ಕಂಪ್ಯೂಟರ್ ಮಾಣಿ' (ಮಾಣಿ ಎಂದರೆ ಈ ಕಡೆ ಹುಡುಗ). ಹೆಸರು ಬೇಡ, ಇಲ್ಲಿ ನಾನೂ ಮಾಣಿ ಎಂದೇ ಬರೆಯುತ್ತೇನೆ. ಅವತ್ತು ಅವನು ಪರದೆಯ ಕಡೆ ತಿರುಗಿದ, ಆದರೆ ಒಳಗೆ ಹೋಗಿ ನೋಡಲು ಅವನ ಹತ್ತಿರ ಪಾಸ್‌ವರ್ಡ್ ಇರಲಿಲ್ಲ. ಮೂರು ವಾರದ ಹಿಂದೆ, ಸಂಘಕ್ಕೆ ಹೊಸ ಸಾಫ್ಟ್‌ವೇರ್ ಮಾಡಿಕೊಟ್ಟ ಬೆಂಗಳೂರಿನ ಕಂಪನಿ ಅದನ್ನು ಬದಲಾಯಿಸಿತ್ತು. ಫೋನ್ ಮಾಡಿದ. ಆ ಕಡೆಯಿಂದ, "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್, ಡೇಟಾ ನೀವೇ ಮುಟ್ಟಿರಬೇಕು ನೋಡಿ" ಎಂಬ ಉತ್ತರ ಬಂತು. ಹತ್ತಾರು ಜನರ ಎದುರು ಮಾಣಿ ಫೋನಿನಲ್ಲೇ ಕೂಗಾಡಿದ. ಮಾರನೇ ದಿನ ಬೆಳಿಗ್ಗೆ ಮ್ಯಾನೇಜರ ಮೇಜಿನ ಮೇಲೆ ಅವನ ರಾಜೀನಾಮೆ ಇತ್ತು.

ನನ್ನನ್ನು ಕರೆದದ್ದು ಆಗ. ನಾನು ಕುಮಟಾದವನು. ಬೆಂಗಳೂರಿನಲ್ಲಿ ಬಹಳ ವರ್ಷ ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ವೆಂಡರ್ ಕಂಪನಿಗಳಲ್ಲೇ ದುಡಿದು ಊರಿಗೆ ಬಂದವನು. ಹಾಗಾಗಿ ಫೋನಿನ ಆ ಕಡೆ ಕೂತವನ ಕಷ್ಟವೂ ನನಗೆ ಗೊತ್ತು. ಸಂಘದ ಅಧ್ಯಕ್ಷರು ಕೇಳಿದ್ದು ಒಂದೇ ಮಾತು: "ಯಾರದ್ದು ತಪ್ಪು ಹೇಳಿ, ಸಾಕು." ದೇವಿಮನೆ ಘಟ್ಟ ಹತ್ತುವಾಗ ನನ್ನ ತಲೆಯಲ್ಲೂ ಅದೇ ಪ್ರಶ್ನೆ ಇತ್ತು. ಎರಡು ದಿನದಲ್ಲಿ ಆ ಪ್ರಶ್ನೆ ಹಿಡಿದು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ ಅಂತ ಗೊತ್ತಾಯಿತು.

ಹಿನ್ನೆಲೆ

ಹಳೇ ಸಾಫ್ಟ್‌ವೇರ್ ಮಾಣಿಯೇ ಬರೆದದ್ದು. ವಿಷುಯಲ್ ಬೇಸಿಕ್ 6ರಲ್ಲಿ. 1998ರಲ್ಲಿ ಬಂದ ಆ ಪ್ರೋಗ್ರಾಮಿಂಗ್ ಸಾಧನಕ್ಕೆ ಮೈಕ್ರೋಸಾಫ್ಟ್ 2008ಕ್ಕೇ ಬೆಂಬಲ ನಿಲ್ಲಿಸಿದೆ. ಆದರೂ ಸಂಘದ ಕೆಲಸ ನಡೆಯುತ್ತಿತ್ತು. ತೂಕದ ಚೀಟಿ, ಟೆಂಡರ್, ಬಿಲ್, ಬೆಳೆಸಾಲದ ಜಮಾ-ಖರ್ಚು, ಎಲ್ಲ ಅದರಲ್ಲೇ. ಸದಸ್ಯರ ಹೆಸರುಗಳು ಹಳೇ ನುಡಿ ಫಾಂಟಿನಲ್ಲಿ. ಎಲ್ಲಿ ಏನಿದೆ ಅಂತ ಗೊತ್ತಿದ್ದದ್ದು ಮಾಣಿಗೆ ಮಾತ್ರ. ಬರಹದಲ್ಲಿ ಒಂದು ಪುಟವೂ ಇರಲಿಲ್ಲ.

ಆಡಳಿತ ಮಂಡಳಿ ಹೊಸ ಸಾಫ್ಟ್‌ವೇರ್ ಬೇಕು ಅಂದಿದ್ದು ಸರಿಯೇ. ಮಾಣಿ ನಾಳೆ ಬಿದ್ದು ಕಾಲು ಮುರಿದುಕೊಂಡರೆ ಸಂಘ ನಿಲ್ಲುತ್ತದೆ ಅಲ್ವಾ? ಬೆಂಗಳೂರಿನ ಒಂದು ಕಂಪನಿಗೆ ಮುಖ್ಯ ಸಾಫ್ಟ್‌ವೇರ್ ಕೊಟ್ಟರು. ಹುಬ್ಬಳ್ಳಿಯ ಇನ್ನೊಂದು ಕಂಪನಿಗೆ ಸದಸ್ಯರ ಮೊಬೈಲ್ ಆ್ಯಪ್ ಮತ್ತು ಎಸ್ಸೆಮ್ಮೆಸ್ ಕೆಲಸ ಕೊಟ್ಟರು. ಒಪ್ಪಂದದ ದಿನ ಮಾಣಿಯನ್ನು ಕರೆಯಲಿಲ್ಲ. ಕಾರಣ ಕೇಳಿದ್ದಕ್ಕೆ ಮ್ಯಾನೇಜರು, "ಅವನ ಸಾಫ್ಟ್‌ವೇರ್ ತೆಗೆಯುವ ಮಾತು, ಅವನ ಎದುರೇ ಹೇಗೆ ಆಡೋದು?" ಎಂದರು. ಸಂಕೋಚ ಅಷ್ಟೇ, ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಸಂಕೋಚಕ್ಕೆ ಸಂಘ ಬಹಳ ದುಬಾರಿ ಬೆಲೆ ತೆತ್ತಿತು. ಸಹಿ ಆದ ಮೇಲೆ ಮಾಣಿಗೆ ಹೇಳಿದ್ದು ಇಷ್ಟು: "ಕಂಪನಿಯವರು ಬರ್ತಾರೆ, ಅವರು ಕೇಳಿದ್ದಕ್ಕೆಲ್ಲ ಸಹಕಾರ ಕೊಡು."

ಏನೇ ಕೆಟ್ಟರೂ ಕೌಂಟರಿನಲ್ಲಿ ಜನ ಕೇಳುವುದು ಮಾಣಿಯನ್ನು. ಯಾವ ಕೆಲಸ ಸರಿ ಆಗಿದೆ, ಯಾವುದು ಆಗಿಲ್ಲ ಎಂದು ಹೇಳುವ ಅಧಿಕಾರ ಮಾತ್ರ ಅವನಿಗಿಲ್ಲ. ಕಂಪನಿಯ ಬಿಲ್ ಪಾಸ್ ಮಾಡುವವರು ಮ್ಯಾನೇಜರು. ಅವರು ನೋಡುತ್ತಿದ್ದದ್ದು ಪರದೆ ತೆರೆಯುತ್ತದೋ ಇಲ್ಲವೋ ಎಂಬುದನ್ನು. ಇಡೀ ಪ್ರಕರಣದ ಬೇರು ಇಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಗಳ ಬೆಳೆದ ಬಗೆ

ಮೊದಲ ತಿಕ್ಕಾಟ ಟೆಂಡರಿನ ವಿಷಯಕ್ಕೆ. ಶಿರಸಿ ಕಡೆ ಅಡಿಕೆ ಮಾರಾಟ ನೋಡಿದವರಿಗೆ ಗೊತ್ತು. ಬೆಳೆಗಾರ ತಂದ ಮಾಲು ಲಾಟ್ ಆಗಿ ಅಂಗಳದಲ್ಲಿ ಕೂರುತ್ತದೆ. ವ್ಯಾಪಾರಿಗಳು ಚೀಲಕ್ಕೆ ಕೈ ಹಾಕಿ, ಒಂದೆರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡಿ ದರ ಬರೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬರೆದವನ ದರ ನಿಲ್ಲುತ್ತದೆ. ಆದರೆ ವ್ಯಾಪಾರ ಅಲ್ಲಿಗೆ ಮುಗಿಯುವುದಿಲ್ಲ. ಬೆಳೆಗಾರನಿಗೆ ದರ ಒಪ್ಪಿಗೆ ಆಗದಿದ್ದರೆ "ಇವತ್ತು ಬೇಡ, ಇಡಿ" ಎನ್ನಬಹುದು. ಲಾಟ್ ಹಾಗೇ ಇರುತ್ತದೆ, ಇನ್ನೊಂದು ದಿನದ ಟೆಂಡರಿಗೆ ಹೋಗುತ್ತದೆ.

ಕಂಪನಿಯ ಸಾಫ್ಟ್‌ವೇರಿನಲ್ಲಿ ಆ "ಇಡಿ" ಎಂಬುದೇ ಇರಲಿಲ್ಲ. ಹೆಚ್ಚಿನ ದರ ಬಂದ ಕೂಡಲೇ ಮಾರಾಟ ಆಯಿತು ಅಂತ ಬಿಲ್ ಹುಟ್ಟುತ್ತಿತ್ತು. ಮಾಣಿ ಹೇಳಿದ. ಕಂಪನಿಯವರು, "ಇದು ನಿಮ್ಮ ಅಗತ್ಯಗಳ ಪಟ್ಟಿಯಲ್ಲಿ ಇಲ್ಲ, ಚೇಂಜ್ ರಿಕ್ವೆಸ್ಟ್ ಹಾಕಿ, ಬೇರೆ ಚಾರ್ಜ್ ಆಗ್ತದೆ" ಎಂದರು. ಒಪ್ಪಂದದ ಪ್ರಕಾರ ಅವರ ಮಾತು ಸರಿ. ಪಟ್ಟಿ ಮಾಡಿದವರು ಬೆಂಗಳೂರಿನಲ್ಲಿ ಕೂತು ಮಾಡಿದ್ದರು, ಸಹಿ ಹಾಕಿದವರು ಓದದೆ ಹಾಕಿದ್ದರು. ನಡುವೆ ಮಾಣಿ ಬಾಯಿ ತೆರೆದಾಗಲೆಲ್ಲ ಖರ್ಚು ಜಾಸ್ತಿ ಆಗುತ್ತಿತ್ತು. ಹೀಗೆ ಅವನು ಮಂಡಳಿಯ ಕಣ್ಣಿನಲ್ಲಿ ಕೊಕ್ಕೆ ಹಾಕುವವನಾದ. "ತನ್ನದು ಹೋಗ್ತದೆ ಅಂತ ಹೊಟ್ಟೆಕಿಚ್ಚು" ಅಂತ ಒಬ್ಬ ನಿರ್ದೇಶಕರು ನನ್ನ ಹತ್ತಿರವೇ ಹೇಳಿದರು. ನನಗೆ ಬೇಜಾರಾಯಿತು. ಅವನು ಹೇಳಿದ ಒಂದೊಂದು ವಿಷಯವೂ ನಿಜವಾಗಿತ್ತು.

ಎರಡನೆಯದು ಹೆಸರುಗಳ ಗೋಳು. ಹಳೇ ನುಡಿ ಫಾಂಟಿನ ಡೇಟಾ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದ್ದಲ್ಲ, ಅಕ್ಷರದ ಆಕಾರಕ್ಕೊಂದು ಸಂಕೇತ ಕೊಟ್ಟದ್ದು. ಅರ್ಕಾವತ್ತು ಅದರಲ್ಲಿ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಕಂಪನಿಯ ಹುಡುಗರಲ್ಲಿ ಕನ್ನಡ ಓದಲು ಬರುವವರು ಒಬ್ಬರೇ ಇದ್ದರು, ಅವರನ್ನೂ ಬೇರೆ ಕೆಲಸಕ್ಕೆ ಹಾಕಿದ್ದರು. ಪಾರ್ವತಿ ಹೋಗಿ 'ಪಾವ೯ತಿ' ಆಯಿತು. ಹೆಗಡೆ ಮತ್ತು ಹೆಗ್ಡೆ ಒಂದೇ ಮನುಷ್ಯನ ಎರಡು ಖಾತೆ ಆಯಿತು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುವುದು ಈ ಸೀಮೆಯಲ್ಲಿ ಹೊಸದಲ್ಲ. ಅಪ್ಪನ ಹೆಸರು, ಮನೆಯ ಹೆಸರು ಸೇರಿದರೆ ಮಾತ್ರ ಯಾರೆಂದು ತಿಳಿಯುತ್ತದೆ. ಅಪ್ಪನ ಹೆಸರಿನ ಕಾಲಮ್ಮನ್ನು ಕಂಪನಿಯವರು ಬೇಡ ಅಂತ ಬಿಟ್ಟಿದ್ದರು.

ಇದನ್ನು ಮಾಣಿ ಹೇಗೆ ಸರಿ ಮಾಡಿದ? ಯಾರಿಗೂ ಹೇಳದೆ ರಾತ್ರಿ ಕೂತು ನೇರ ಡೇಟಾಬೇಸಿಗೆ ಕೈ ಹಾಕಿ ಒಂದೊಂದೇ ಹೆಸರು ತಿದ್ದಿದ. ಬೆಳಿಗ್ಗೆ ಬಿಲ್ ಸರಿ ಬರಲಿ, ಜನ ಪರದಾಡದಿರಲಿ ಎಂಬ ಕಾಳಜಿ. ಆ ಕಾಳಜಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದು ಮಾಡಬಾರದ ಕೆಲಸ. ಯಾವ ಸಾಲು ಯಾರು ಯಾವಾಗ ಬದಲಾಯಿಸಿದರು ಎಂಬ ಗುರುತೇ ಉಳಿಯಲಿಲ್ಲ. ಕಂಪನಿಯವರು ಒಂದು ದಿನ ಇದನ್ನು ಕಂಡರು. ಹೆದರಿದರು, ಹೆದರಬೇಕಾದದ್ದೇ. ಮಾಣಿಯ ಪ್ರವೇಶವನ್ನೇ ತೆಗೆದರು. ಸಂಘದ ಡೇಟಾಬೇಸಿಗೆ ಸಂಘದವರಿಗೇ ಬೀಗ ಬಿತ್ತು. ಮ್ಯಾನೇಜರಿಗೆ ಒಂದು ಮೇಲ್ ಬಂದಿತ್ತಂತೆ. ಅವರು ತೆರೆದೇ ಇರಲಿಲ್ಲ.

ಹುಬ್ಬಳ್ಳಿ ಕಂಪನಿಯ ಕಥೆ ಚಿಕ್ಕದು. ಬಿಲ್ಲಿನ ಎಸ್ಸೆಮ್ಮೆಸ್ ಇಂಗ್ಲಿಷಿನಲ್ಲೇ ಇರಲಿ ಎಂದು ಅವರು, ಕನ್ನಡದಲ್ಲಿ ಬೇಕು ಎಂದು ಮಾಣಿ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 70. ಅದು ಮೀರಿದರೆ ಎರಡು ಮೆಸೇಜಿನ ದುಡ್ಡು. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ ಆಗುತ್ತದೆ, ಹಾಗಾಗಿ 70 ಎಂದರೆ ಏಳೆಂಟು ಪದ. ಮೇಲಾಗಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಮೆಸೇಜಿನ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಒಂದು ಪದ ಬದಲಾದರೂ ಮೆಸೇಜ್ ಹೋಗುವುದಿಲ್ಲ. ಆ ಕಂಪನಿ ನೋಂದಾಯಿಸಿದ್ದು ಇಂಗ್ಲಿಷ್ ಮಾದರಿ. ಬೆಂಗಳೂರಿನವರು ಕಳಿಸಿದ್ದು ಕನ್ನಡದ್ದು. ಹದಿನೈದು ದಿನ ಒಬ್ಬರಿಗೂ ಮೆಸೇಜ್ ಹೋಗಲಿಲ್ಲ. ಎರಡೂ ಕಂಪನಿಯವರು ಬೊಟ್ಟು ಮಾಡಿದ್ದು ಮಾಣಿಯ ಕಡೆಗೆ.

ಚೀಲ ಎಲ್ಲಿ ಹೋಯಿತು

ನಾನು ಮೊದಲು ಕೇಳಿದ್ದು ತೂಕದ ಚೀಟಿಯ ಕಾರ್ಬನ್ ಪ್ರತಿಗಳ ಪುಸ್ತಕ. ಕಂಪ್ಯೂಟರ್ ನೋಡುವುದನ್ನು ಆಮೇಲೆ ಇಟ್ಟುಕೊಂಡೆ. ಸಂಘದಲ್ಲಿ ಎರಡು ಕಾಟಾ (ತೂಕದ ಯಂತ್ರ) ಇವೆ. ಹಳೇ ಗುಮಾಸ್ತರೊಬ್ಬರು ಹೊಸ ಯಂತ್ರದ ಮೇಲೆ ಭರವಸೆ ಇಲ್ಲದೆ, ಪ್ರಿಂಟ್ ಆದ ಚೀಟಿಯ ಜೊತೆ ಕೈಯಲ್ಲೂ ಬರೆದು ಇಡುತ್ತಿದ್ದರು. ನೀಲಿ ಕಾರ್ಬನ್ ಮೆತ್ತಿದ ಆ ಪುಸ್ತಕದಲ್ಲಿ ಹಿರಿಯರ ಬಿಳೆಗೋಟಿನ ಚೀಲ ಸರಿಯಾಗಿ ಇತ್ತು. ಎರಡನೇ ಕಾಟಾದಲ್ಲಿ ತೂಗಿದ್ದು. ಚೀಟಿ ನಂಬರ್ 214. ಪುಟ ತಿರುವಿದೆ. ಅದೇ ದಿನ ಒಂದನೇ ಕಾಟಾದಲ್ಲಿಯೂ ಒಂದು 214 ಇತ್ತು. ಬೇರೆ ಬೆಳೆಗಾರನದ್ದು, ಚಾಲಿ.

ಅಲ್ಲಿಗೆ ನನಗೆ ಅರ್ಧ ಅರ್ಥವಾಯಿತು. ಮಾಣಿಯನ್ನು ಮನೆಯಿಂದ ಕರೆಸಿದೆ. ಪುಸ್ತಕ ತೋರಿಸಿದೆ. ಅವನು ಒಂದು ನಿಮಿಷ ಸುಮ್ನೆ ನೋಡಿ, "ಎ ಮತ್ತು ಬಿ ಎಲ್ಲಿ?" ಎಂದ.

ಹಳೇ ಸಾಫ್ಟ್‌ವೇರಿನಲ್ಲಿ ಒಂದನೇ ಕಾಟಾದ ಚೀಟಿಗೆ 'ಎ', ಎರಡನೆಯದಕ್ಕೆ 'ಬಿ' ಸೇರುತ್ತಿತ್ತು. ಎ-214, ಬಿ-214. ಹೊಸದರಲ್ಲಿ ಚೀಟಿ ನಂಬರಿನ ಕಾಲಮ್ ಬರೀ ಅಂಕಿ ಹಿಡಿಯುವಂತದ್ದು. ಅಕ್ಷರ ಬಿದ್ದು ಹೋಗಿತ್ತು. ಇಂಟರ್ನೆಟ್ ಇದ್ದಾಗ ಏನೂ ತೊಂದರೆ ಇಲ್ಲ, ನಂಬರನ್ನು ಬೆಂಗಳೂರಿನ ಸರ್ವರ್ ಕೊಡುತ್ತದೆ, ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ನೆಟ್ ಹೋದಾಗ ಕಾಟಾದ ಕಂಪ್ಯೂಟರ್ ತಾನೇ ಮುಂದಿನ ನಂಬರ್ ಹಾಕಿಕೊಳ್ಳುತ್ತದೆ. ನೆಟ್ ಬಂದ ಮೇಲೆ ಕಳಿಸುತ್ತದೆ. ಎಪ್ರಿಲ್-ಮೇ ತಿಂಗಳಲ್ಲಿ ಶಿರಸಿಯ ಮಧ್ಯಾಹ್ನ ಹೇಗಿರುತ್ತದೆ? ಮೂರು ಗಂಟೆಗೆ ಮೋಡ, ಗುಡುಗು, ಎಲ್ಲೋ ಲೈನಿನ ಮೇಲೆ ಒಂದು ಮರ. ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್ಟೂ ಹೋಗುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಇದು ಒಂದು ಸಲವೂ ಆಗಿರಲಿಕ್ಕಿಲ್ಲ.

ಆದರೂ ಎರಡು 214 ಬಂದರೆ ಕಂಪ್ಯೂಟರ್ ತಡೆಯಬೇಕಿತ್ತಲ್ಲ? ತಡೆದಿತ್ತು. ಒಂದು ತಿಂಗಳ ಹಿಂದೆ ಹೀಗೇ ನಂಬರ್ ಡಿಕ್ಕಿ ಹೊಡೆದಾಗ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ದೋಷ ಬಂದು ಕಾಟಾ ನಿಂತಿತ್ತು. ಅವತ್ತು ಎರಡು ಕೆಲಸ ನಡೆದವು, ಒಂದು ಇನ್ನೊಂದಕ್ಕೆ ಗೊತ್ತಿಲ್ಲದ ಹಾಗೆ. ಆಗ ಮಾಣಿಗೆ ಇನ್ನೂ ಪ್ರವೇಶ ಇತ್ತು. ಅವನು ರಾತ್ರಿ ಕೂತು ಆ ಚೀಟಿಯ ನಂಬರನ್ನು ಕೈಯಲ್ಲಿ ಬದಲಾಯಿಸಿ ಬಿಲ್ ಸರಿ ಮಾಡಿದ, ಯಾರಿಗೂ ಹೇಳಲಿಲ್ಲ. ಅದಕ್ಕೂ ಮೊದಲು, ಹಗಲಿನಲ್ಲೇ ಕೌಂಟರಿನ ಹುಡುಗ ಕೆಂಪು ಪರದೆಯ ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಕಂಪನಿಗೆ ಕಳಿಸಿ, "ಅರ್ಜೆಂಟ್, ಜನ ಕಾಯ್ತಿದ್ದಾರೆ" ಎಂದು ಬರೆದಿದ್ದ. ಕಂಪನಿಯ ಕಿರಿಯ ಪ್ರೋಗ್ರಾಮರ್ ಡೇಟಾ ನೋಡಿದಾಗ ಮಾಣಿ ಆಗಲೇ ತಿದ್ದಿದ್ದರಿಂದ ಒಂದೇ ನಂಬರಿನ ಎರಡು ಬೇರೆ ಚೀಟಿ ಕಾಣಲಿಲ್ಲ. ಒಂದೇ ಚೀಟಿ ಎರಡು ಸಲ ಬಂದಿರಬೇಕು ಎಂದುಕೊಂಡ. ಆ ನಂಬರ್ ಮೊದಲೇ ಇದ್ದರೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡು ಎಂದು ಕೋಡ್ ಬದಲಾಯಿಸಿದ. ದೋಷ ಬರುವುದು ನಿಂತಿತು. ಎಲ್ಲರಿಗೂ ಖುಷಿ.

ಅಲ್ಲಿಂದ ಮುಂದೆ ನೆಟ್ ಹೋದ ದಿನಗಳಲ್ಲಿ ಒಂದು ಚೀಟಿ ಇನ್ನೊಂದನ್ನು ಸದ್ದಿಲ್ಲದೆ ನುಂಗತೊಡಗಿತು. ಆ ಹಿರಿಯರು ತಮ್ಮ ಚೀಲ ಎಣಿಸಿಕೊಂಡು ಬಂದವರು, ಅದಕ್ಕೆ ಸಿಕ್ಕಿಬಿತ್ತು. ಕಾರ್ಬನ್ ಪುಸ್ತಕ ಇಟ್ಟುಕೊಂಡು ಹಿಂದಿನ ಎಲ್ಲ ದಿನ ತಾಳೆ ನೋಡಿದಾಗ ಇನ್ನೂ ಐದು ಚೀಟಿ ಸಿಕ್ಕವು. ಅದರಲ್ಲಿ ಮೂವರು ಬೆಳೆಗಾರರಿಗೆ ಕಮ್ಮಿ ಬಂದದ್ದು ಗೊತ್ತೇ ಆಗಿರಲಿಲ್ಲ. ಒಂದು ಚೀಲ ಅಡಿಕೆ ಎಂದರೆ ಕೊಯ್ದು, ಒಣಗಿಸಿ, ಸುಲಿದು, ಆರಿಸಿದ ತಿಂಗಳುಗಳ ಕೆಲಸ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕೋಡ್ ಯಾರದ್ದು

ಮಾರನೇ ದಿನ ಎಲ್ಲರನ್ನೂ ಕೂರಿಸಿದೆವು. ಬೆಂಗಳೂರಿನಿಂದ ಇಬ್ಬರು ಬಂದಿದ್ದರು, ಅದರಲ್ಲಿ ಆ ಕಿರಿಯ ಪ್ರೋಗ್ರಾಮರ್ ಒಬ್ಬ. ಪುಸ್ತಕ ಮೇಜಿನ ಮೇಲಿತ್ತು. ಎರಡು 214 ತೋರಿಸಿದ ಮೇಲೆ ಯಾರೂ ದನಿ ಎತ್ತಲಿಲ್ಲ. ಮಾಣಿಯೇ ಮೊದಲು ಬಾಯಿ ತೆರೆದ. "ನಾನು ಅವತ್ತು ರಾತ್ರಿ ತಿದ್ದಿದ್ದು ಹೇಳಬೇಕಿತ್ತು" ಎಂದ. ಆ ಹುಡುಗನೂ ತಲೆ ತಗ್ಗಿಸಿ, "ನಾನೂ ಕೇಳಬೇಕಿತ್ತು ಸರ್" ಎಂದ.

ಜಗಳ ಮತ್ತೆ ಹೊತ್ತಿದ್ದು ಅಧ್ಯಕ್ಷರು, "ಸರಿ, ಕೋಡ್ ನಮ್ಮ ಮಾಣಿಗೆ ಕೊಡಿ, ಅವನೂ ನೋಡಲಿ" ಎಂದಾಗ. ಕಂಪನಿಯ ಮುಖ್ಯಸ್ಥರು ಆಗುವುದಿಲ್ಲ ಎಂದರು. "ದುಡ್ಡು ಕೊಟ್ಟಿದ್ದು ನಾವಲ್ವಾ?" ಎಂದು ಇಡೀ ಮಂಡಳಿ ಎದ್ದು ನಿಂತಿತು.

ಇಲ್ಲಿ ಬಹಳ ಸಂಸ್ಥೆಗಳು ಎಡವುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. 17ನೇ ಕಲಮಿನ ಪ್ರಕಾರ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಹಾಗಾಗಿ ಮಾಣಿ ಬರೆದ ಹಳೇ ಸಾಫ್ಟ್‌ವೇರ್ ಸಂಘದ್ದೇ. ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟು ಬರೆಸಿದ್ದಕ್ಕೆ ಈ ಮಾತು ತಾನಾಗಿ ಅನ್ವಯಿಸುವುದಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬರುವುದಿಲ್ಲ. 19ನೇ ಕಲಮಿನಂತೆ ಹಕ್ಕನ್ನು ಬರಹದಲ್ಲಿ, ಸಹಿ ಹಾಕಿ ವರ್ಗಾಯಿಸಿಕೊಳ್ಳಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ ಎಂದು ಕಾನೂನು ಹಿಡಿಯುತ್ತದೆ. ಸಂಘದ ಒಪ್ಪಂದದಲ್ಲಿ ಈ ವಿಷಯದ ಒಂದು ಸಾಲೂ ಇರಲಿಲ್ಲ. ಡೇಟಾ ಯಾರದ್ದು ಎಂಬುದೂ ಇರಲಿಲ್ಲ. ಹದಿನೆಂಟು ಪುಟದ ಒಪ್ಪಂದದಲ್ಲಿ ಬಿಲ್ ಎಷ್ಟು ದಿನದೊಳಗೆ ಪಾವತಿ ಆಗಬೇಕು ಎಂಬುದು ಮಾತ್ರ ಎರಡು ಕಡೆ ಇತ್ತು.

ಕಂಪನಿಯ ಮಾತಿನಲ್ಲೂ ನ್ಯಾಯ ಇತ್ತು. ಅವರ ಮೂಲ ಸಾಫ್ಟ್‌ವೇರ್ ಹತ್ತು ಕಡೆ ಮಾರುವಂತದ್ದು, ಅದನ್ನು ಬಿಟ್ಟುಕೊಟ್ಟರೆ ಅವರ ಹೊಟ್ಟೆಪಾಡು ಏನಾಗಬೇಕು? ಸಂಜೆವರೆಗೆ ಚೌಕಾಶಿ ನಡೆಯಿತು. ಮೂಲ ಸಾಫ್ಟ್‌ವೇರ್ ಕಂಪನಿಯದ್ದೇ, ಬಳಸುವ ಪರವಾನಗಿ ಬರಹದಲ್ಲಿ. ಅಡಿಕೆ ಟೆಂಡರ್, ತೂಕದ ಚೀಟಿ, ಬೆಳೆಸಾಲಕ್ಕೆಂದು ಸಂಘಕ್ಕಾಗಿಯೇ ಬರೆದ ಭಾಗದ ಹಕ್ಕು ಸಂಘಕ್ಕೆ, ಅವಧಿ ನಮೂದಿಸಿ. ಡೇಟಾ ಪೂರ್ತಿ ಸಂಘದ್ದು, ಪ್ರತಿ ಶನಿವಾರ ಅದರ ಒಂದು ಪ್ರತಿ ಸಂಘದ ಕೈಗೆ. ಮಾಣಿಗೆ ಡೇಟಾ ಓದುವ ಪ್ರವೇಶ ವಾಪಸ್, ಬದಲಾಯಿಸುವ ಪ್ರವೇಶ ಯಾರಿಗೂ ನೇರವಾಗಿ ಇಲ್ಲ. ತಿದ್ದಬೇಕಾದರೆ ದೂರಿನ ಪುಸ್ತಕದಲ್ಲಿ ನಂಬರ್ ಬೀಳಬೇಕು. ವಾಟ್ಸ್ಆ್ಯಪಿನ ಫೋಟೋ ಲೆಕ್ಕಕ್ಕಿಲ್ಲ.

ನಾನು ಹಟ ಹಿಡಿದದ್ದು ಒಂದಕ್ಕೆ. ಇನ್ನು ಮುಂದೆ ಮಾಣಿ ಸಹಿ ಹಾಕದೆ ಯಾವ ಬದಲಾವಣೆಯೂ ಕೌಂಟರಿಗೆ ಬರಬಾರದು, ಕಂಪನಿಯ ಬಿಲ್ಲೂ ಪಾಸ್ ಆಗಬಾರದು. ಸಹಿ ಹಾಕುವ ಮೊದಲು ಅವನು ನಿಜವಾದ ಒಂದು ಟೆಂಡರ್ ದಿನದ ಚೀಟಿಗಳನ್ನು ಹಾಕಿ, ನಡುವೆ ನೆಟ್ ತೆಗೆದು ನೋಡಬೇಕು. ಮ್ಯಾನೇಜರು ಸ್ವಲ್ಪ ಹಿಂಜರಿದರು. ಅಧ್ಯಕ್ಷರು, "ಅಡ್ಡಿಲ್ಲೆ, ಆಗ್ಲಿ" ಎಂದರು.

ಈಗ

ಕಿರಿಯ ಪ್ರೋಗ್ರಾಮರ್ ಎರಡು ದಿನ ಶಿರಸಿಯಲ್ಲೇ ಉಳಿದ. ಮಾಣಿ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಚಾಲಿ ಯಾವುದು, ರಾಶಿ ಯಾವುದು, ಕೆಂಪುಗೋಟು, ಬಿಳೆಗೋಟು, ಬೆಟ್ಟೆ ಯಾವುದು ಎಂದು ಕೈಗೆ ಕೊಟ್ಟು ತೋರಿಸಿದ. ಒಬ್ಬ ಬೆಳೆಗಾರ ದರ ಕೇಳಿ ತಲೆ ಅಲ್ಲಾಡಿಸಿ, "ಇಡಿ, ಸೋಮವಾರ ನೋಡೋಣ" ಅಂದದ್ದನ್ನು ಆ ಹುಡುಗ ಕಣ್ಣಾರೆ ಕಂಡ. ಚೇಂಜ್ ರಿಕ್ವೆಸ್ಟಿನ ಜಗಳದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ 'ಇಡಿ' ಎಂಬ ಗುಂಡಿ ಮುಂದಿನ ವಾರವೇ ಬಂತು. ಕಂಪನಿ ಅದಕ್ಕೆ ದುಡ್ಡು ಕೇಳಲಿಲ್ಲ. ಚೀಟಿಗೆ ಎ, ಬಿ ವಾಪಸ್ ಬಂದಿವೆ. ಅಪ್ಪನ ಹೆಸರಿನ ಕಾಲಮ್ ಕೂಡ.

ಹುಬ್ಬಳ್ಳಿ ಕಂಪನಿ ಅರ್ಧಕ್ಕೆ ಬಿಟ್ಟು ಹೋಯಿತು, ಆ್ಯಪ್ ಇನ್ನೂ ಆಗಿಲ್ಲ. ಆರು ಚೀಟಿಯ ದುಡ್ಡನ್ನು ಸಂಘ ಕೊಟ್ಟಿತು, ಬೆಳೆಗಾರರ ಮನೆಗೆ ಮ್ಯಾನೇಜರೇ ಹೋಗಿ ಮುಟ್ಟಿಸಿ ಬಂದರು. ಮಾಣಿಗೆ ಒಬ್ಬ ಸಹಾಯಕ ಬೇಕು ಎಂದು ನಾನು ವರದಿಯಲ್ಲಿ ಬರೆದಿದ್ದೆ. ಮಂಡಳಿ ಠರಾವು ಮಾಡಿದೆ, ಜನ ಇನ್ನೂ ಸಿಕ್ಕಿಲ್ಲ. ಕಲಿತ ಹುಡುಗರು ಬೆಂಗಳೂರು ಬಿಟ್ಟು ಬರಲು ಸಂಬಳ ಸಾಲುವುದಿಲ್ಲ ಅನ್ನುತ್ತಾರೆ. ಇದನ್ನು ಸಂಘ ಬೇಗ ಬಗೆಹರಿಸದಿದ್ದರೆ ನನಗೆ ಸಮಾಧಾನ ಇಲ್ಲ.

ರಾಜೀನಾಮೆ ಪತ್ರವನ್ನು ಮಾಣಿ ವಾಪಸ್ ತೆಗೆದುಕೊಂಡ. ಕಳೆದ ಸಲ ಹೋದಾಗ ಅವನ ಮೇಜಿನ ಮೇಲೆ ಉದ್ದನೆಯ ಒಂದು ರೂಲ್ಡ್ ನೋಟ್‌ಬುಕ್ ಇತ್ತು. ಹಳೇ ಸಾಫ್ಟ್‌ವೇರಿನಲ್ಲಿ ಯಾವ ಕಾಲಮ್ ಯಾಕೆ ಇತ್ತು ಎಂದು ನೆನಪಿಗೆ ಬಂದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದಾನೆ. ತೆರೆದು ನೋಡಿದೆ. ಮೊದಲ ಪುಟದಲ್ಲಿ ಇದ್ದದ್ದು: "ಚೀಟಿ ನಂಬರಿಗೆ ಎ, ಬಿ ಯಾಕೆ ಬೇಕು."